ಜೋಡಿ ಸೊನ್ನೆ

ಅತ್ತೆ ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. ಹನ್ನೆರಡನೆಯ ದಿನ ಬೆಳಗ್ಗೆ ಒಂಬತ್ತೂವರೆಗೆ ಕಂಪ್ಯೂಟರೂ ಮಾತು ಬಿಟ್ಟಿತು.

ಅತ್ತೆಯ ಮೌನವನ್ನು ಸೊಸೆ ಹೇಗೋ ಹಲ್ಲು ಕಚ್ಚಿಕೊಂಡು ಸಹಿಸಿದ್ದಳು. ಕಂಪ್ಯೂಟರಿನದು ಸಹಿಸುವ ವಿಷಯವಾಗಿರಲಿಲ್ಲ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣದು. ಸ್ಕ್ರೀನಿನ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ ಒಂದು ಅದರೊಳಗಿತ್ತು. ಉಸಿರೇ ತೆಗೆದುಕೊಳ್ಳದೆ ಮೂಗಿನಲ್ಲಿ ಮಾತಾಡುವ ಗಂಡು ದನಿ. ಅದಕ್ಕೆ ‘ಗೊಣಗಪ್ಪ’ ಎಂದು ಹೆಸರಿಟ್ಟವರು ಅತ್ತೆ. ಹೆಸರು ಎಷ್ಟು ಸರಿಹೊಂದಿತೆಂದರೆ ಸೊಸೆಯೂ ಮನಸ್ಸಿನಲ್ಲಿ ಹಾಗೆಯೇ ಕರೆಯುತ್ತಿದ್ದಳು. ಗೊಣಗಪ್ಪ ಗೊಣಗುತ್ತಿದ್ದರೆ ಅವಳ ಬೆರಳುಗಳು ಮಾತಾಡುವವರ ವೇಗಕ್ಕೆ ಸರಿಸಮನಾಗಿ ಓಡುತ್ತಿದ್ದವು. ಅವನು ಸುಮ್ಮನಾದರೆ ಕಂಪ್ಯೂಟರ್ ಮೇಜಿನ ಮೇಲೆ ಬಿಸಿಗಾಳಿ ಬಿಡುತ್ತ ಕೂತ ಡಬ್ಬ, ಅಷ್ಟೇ.

ಅದೂ ಇವತ್ತೇ ಸುಮ್ಮನಾಗಬೇಕೇ? ಹನ್ನೆರಡು ಗಂಟೆಗೆ, ಕಾರ್ಮಿಕರ ದೂರು ಕೇಳುವ ಕಚೇರಿಯಲ್ಲಿ ಒಂದು ವಿಚಾರಣೆ. ಅಲ್ಲಿ ಆಡುವ ಮಾತೆಲ್ಲ ಕಂಪ್ಯೂಟರಿನ ಮೂಲಕ ಇವಳ ಕಿವಿಗೆ ಬರಬೇಕು, ಇವಳು ಕೇಳುತ್ತ ಕೇಳುತ್ತಲೇ ಬೆರಳಚ್ಚು ಮಾಡಬೇಕು. ಇದಕ್ಕೆ ಮುಂಚೆ ಐದು ಕಡೆ ಅರ್ಜಿ ಹಾಕಿದ್ದಳು. ಐದೂ ಕಡೆಯವರು ‘ಪಾಪ’ ಎಂದು ಶುರುಮಾಡಿ ‘ನೋಡೋಣ’ ಎಂದು ಮುಗಿಸಿದ್ದರು. ಆರನೆಯ ಕಡೆಯ ಮೇಲ್ವಿಚಾರಕಿ ಮಾತ್ರ ಪಾಪ ಅನ್ನಲಿಲ್ಲ. “ಒಂದು ವಿಚಾರಣೆ ಕೊಡ್ತೀನಿ. ಸರಿಯಾಗಿ ಮಾಡಿದ್ರೆ ಕೆಲಸ ನಿಮ್ಮದು. ಹನ್ನೆರಡು ಅಂದ್ರೆ ಹನ್ನೆರಡು. ಒಂದು ನಿಮಿಷ ತಡ ಆದ್ರೂ ಬೇರೆಯವರನ್ನ ಕೂರಿಸ್ತೀನಿ,” ಎಂದಿದ್ದರು. ಆ ಒರಟುತನ ಸೊಸೆಗೆ ಎಷ್ಟು ಹಿತವಾಗಿತ್ತೆಂದರೆ ಫೋನಿಟ್ಟ ಮೇಲೆ ಒಬ್ಬಳೇ ನಕ್ಕಿದ್ದಳು.

ಈಗ ನಗು ಬರಲಿಲ್ಲ. ದೊಡ್ಡ ದಿನಕ್ಕೆ ಎಲ್ಲ ಅಚ್ಚುಕಟ್ಟಾಗಿರಲಿ ಎಂದು ಬೆಳಗ್ಗೆ ಎದ್ದವಳೇ ಕಂಪ್ಯೂಟರನ್ನು ನಡೆಸುವ ಲಿನಕ್ಸಿಗೆ ಹೊಸ ಅಪ್‌ಡೇಟ್ ಹಾಕಿ, ಅದನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದ್ದಳು. ಸರಿಯಾಗಿ ನಡೆಯುತ್ತಿರುವುದನ್ನು ಕೆಲಸದ ದಿನವೇ ಕೆದಕಬಾರದು ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಗೆಳತಿಯರಿಗೆ ನೂರು ಸಲ ಅವಳೇ ಹೇಳಿದ್ದಳು.

ಆದರೆ ತಪ್ಪು ತನ್ನದಲ್ಲದೆಯೂ ಇರಬಹುದಲ್ಲ? ಹನ್ನೊಂದು ದಿನದ ಹಿಂದೆ, ಮಧ್ಯಾಹ್ನ ಮಲಗಿದ್ದ ಅತ್ತೆ ಎದ್ದು ಬಂದು, “ಆ ಗೊಣಗಪ್ಪನ ಬಾಯಿ ನೀನು ಮುಚ್ಚಿಸ್ತೀಯೋ, ನಾನು ಮುಚ್ಚಿಸಲೋ?” ಎಂದಿದ್ದರು. ಸೊಸೆಗೂ ರೇಗಿತ್ತು. “ಅದು ನನ್ನ ಕಣ್ಣು ಅತ್ತೆ. ನಿಮ್ಮ ಕಣ್ಣು ಕಿತ್ತಿಡಿ ಅಂತ ನಾನು ಹೇಳ್ತೀನಾ?” ಎಂದುಬಿಟ್ಟಿದ್ದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಏನಿದ್ದರೂ ಮಗನ ಮುಖಾಂತರ. “ಊಟಕ್ಕೆ ಬಾ ಅಂತ ಹೇಳೋ ಅವಳಿಗೆ.” ಅವನು ಹೇಳುವ ಮೊದಲೇ ಸೊಸೆ ಬಂದು ಕೂತಿರುತ್ತಿದ್ದಳು. ಅವನು ಕಟ್ಟಡ ಕಟ್ಟುವಲ್ಲಿ ಕ್ರೇನ್ ಓಡಿಸುವವನು. ಟನ್ನುಗಟ್ಟಲೆ ಕಬ್ಬಿಣ ಎತ್ತಿ ಇಳಿಸುವವನಿಗೆ ಈ ಇಬ್ಬರ ನಡುವೆ ಒಂದು ಮಾತು ದಾಟಿಸುವುದು ಭಾರವಾಗಿತ್ತು.

ಕಣ್ಣು ಕಾಣುವವರ ನಡುವೆ ಮಾತು ನಿಂತರೆ ಮುಖವಾದರೂ ಉಳಿಯುತ್ತದೆ. ಇವಳ ಪಾಲಿಗೆ ಅತ್ತೆಯೆಂದರೆ ದನಿಯೇ. ಅದು ಹೋದ ಮೇಲೆ ಉಳಿದದ್ದು ಸದ್ದು ಮಾತ್ರ. ಅತ್ತೆ ಪಾತ್ರೆ ಕುಕ್ಕುತ್ತಿದ್ದರು, ಬಾಗಿಲು ಬಡಿಯುತ್ತಿದ್ದರು, ಚಪ್ಪಲಿ ಎಳೆದುಕೊಂಡು ನಡೆಯುತ್ತಿದ್ದರು. ಮೊದಲು ಹೀಗಿರಲಿಲ್ಲ. ಇಷ್ಟು ದಿನವಾದರೂ ಸಿಟ್ಟು ಇಳಿದಿಲ್ಲವಲ್ಲ ಎಂದು ಸೊಸೆ ಪ್ರತಿ ಸದ್ದಿಗೂ ಮೈ ಬಿಗಿ ಹಿಡಿಯುತ್ತಿದ್ದಳು.

ಹತ್ತು ಗಂಟೆಯವರೆಗೆ ಒಬ್ಬಳೇ ಹೆಣಗಿದಳು. ಇಯರ್‌ಫೋನ್ ಕಿತ್ತು ಮತ್ತೆ ಚುಚ್ಚಿದಳು. ಸದ್ದು ಹೆಚ್ಚಿಸುವ ಕೀಲಿಯನ್ನು ಇಪ್ಪತ್ತು ಸಲ ಒತ್ತಿದಳು. ಅವಳ ಫೋನಿಗೆ ಓದಿ ಹೇಳಲು ಬರುತ್ತಿತ್ತು. ಅದರಲ್ಲಿ ಹುಡುಕಿದಾಗ, ಅಪ್‌ಡೇಟ್ ಆದ ಮೇಲೆ ಕೆಲವು ಹಳೆಯ ಕಂಪ್ಯೂಟರುಗಳಲ್ಲಿ ಸೌಂಡ್ ಡ್ರೈವರ್ ಕಳಚಿಹೋಗುತ್ತದೆ, ಮತ್ತೆ ಹಾಕಬೇಕು ಎಂದು ಗೊತ್ತಾಯಿತು. ಹಾಕುವ ಆಜ್ಞೆಯನ್ನೂ ಫೋನ್ ಓದಿತು. ಸೊಸೆ ಟೈಪ್ ಮಾಡಿದಳು, ಪಾಸ್‌ವರ್ಡ್ ಕೊಟ್ಟಳು, ಎಂಟರ್ ಒತ್ತಿದಳು. ಕಂಪ್ಯೂಟರ್ ಏನೋ ಉತ್ತರ ಕೊಟ್ಟಿರಬೇಕು. ಆಗಿದೆ ಎಂದಿತೋ, ಆಗುವುದಿಲ್ಲ ಎಂದಿತೋ? ಅದನ್ನು ಓದಿ ಹೇಳಬೇಕಾದವನ ಬಾಯಿ ಬಿಡಿಸಲೆಂದೇ ಅಲ್ಲವೇ ಇಷ್ಟೆಲ್ಲ ಒದ್ದಾಟ! ಫೋನಿನ ಕ್ಯಾಮರಾ ತೋರಿಸಿ ಓದಿಸೋಣವೆಂದರೆ ಅದರ ಗಾಜು ಹೋದ ತಿಂಗಳು ಮೆಟ್ಟಿಲ ಮೇಲೆ ಬಿದ್ದು ಚೂರಾಗಿತ್ತು. ಗಂಡನ ಫೋನ್ ಕೆಲಸ ಮುಗಿಯುವವರೆಗೆ ಕ್ರೇನಿನ ಕೆಳಗೆ, ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಅಕ್ಕಪಕ್ಕದವರೆಲ್ಲ ಆಗಲೇ ಕೆಲಸಕ್ಕೆ ಹೋಗಿದ್ದರು.

ಅಡುಗೆಮನೆಯಲ್ಲಿ ಧಡ್ ಎಂದು ಪಾತ್ರೆ ಕುಕ್ಕಿದ ಸದ್ದಾಯಿತು. ಸೊಸೆ ಎದ್ದು ಗೋಡೆ ಸವರುತ್ತ ಹೋಗಿ ಬಾಗಿಲಲ್ಲಿ ನಿಂತಳು. ಕೇಳಬೇಕೆಂದುಕೊಂಡದ್ದು ಒಂದು, ಬಾಯಿಂದ ಬಂದದ್ದು ಇನ್ನೊಂದು.

“ಅತ್ತೆ, ಕಂಪ್ಯೂಟರ್ ಹತ್ತಿರ ನೀವೇನಾದ್ರೂ ಹೋಗಿದ್ರಾ?”

ನಲ್ಲಿಯ ಸದ್ದು ನಿಂತಿತು.

“ಇಷ್ಟು ದಿನ ಆದ್ಮೇಲೆ ಬಾಯಿ ಬಿಟ್ಟಿದ್ದು ಇದನ್ನ ಕೇಳೋಕಾ?” ಎಂದರು ಅತ್ತೆ.

“ಅದು ಮಾತಾಡ್ತಿಲ್ಲ.”

“ಅದಕ್ಕೂ ನನ್ನ ಮೇಲೆ ಸಿಟ್ಟು ಬಂದಿರಬೇಕು.”

“ಮುಟ್ಟಿದ್ರೋ ಇಲ್ವೋ, ಅಷ್ಟು ಹೇಳಿ.”

“ಮುಟ್ಟಿಲ್ಲ. ಮೂವತ್ತೊಂದು ವರ್ಷ ಕಾರ್ಖಾನೇಲಿ ದುಡಿದವಳು ನಾನು. ಇನ್ನೊಬ್ಬರ ಯಂತ್ರಕ್ಕೆ ಕೈ ಹಾಕೋಳಲ್ಲ.”

ದನಿಯನ್ನೇ ನಂಬಿ ಬದುಕುವವಳಿಗೆ ದನಿಯೊಳಗಿನ ಸುಳ್ಳು ಸುಲಭವಾಗಿ ಸಿಗುತ್ತದೆ. ಇಲ್ಲಿ ಸುಳ್ಳು ಇರಲಿಲ್ಲ, ನೋವು ಇತ್ತು. ಸೊಸೆಗೆ ತನ್ನ ನಾಲಿಗೆಯ ಮೇಲೆಯೇ ಅಸಹ್ಯವಾಯಿತು. ಕ್ಷಮೆ ಕೇಳಲು ಹೊತ್ತಿರಲಿಲ್ಲ, ಕೇಳುವ ಮುಖವೂ ಇರಲಿಲ್ಲ.

“ಹನ್ನೆರಡಕ್ಕೆ ನನ್ನ ಪರೀಕ್ಷೆ ಇದೆ ಅತ್ತೆ,” ಎಂದಳು. “ಅಲ್ಲೀವರೆಗೆ ನಿಮ್ಮ ಕಣ್ಣು ಬೇಕು.”

“ಕಿತ್ತು ಕೊಡಲೋ, ಹೀಗೇ ತರಲೋ?”

ಎನ್ನುತ್ತಲೇ ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸೊಸೆಯನ್ನು ದಾಟಿ ಮುಂದೆ ಹೋಗಿಯಾಗಿತ್ತು.

ಅತ್ತೆಗೆ ಇಂಗ್ಲಿಷ್ ಓದಲು ಬಾರದು. ಬಟ್ಟೆ ಕಾರ್ಖಾನೆಯ ತಪಾಸಣೆ ಮೇಜಿನಲ್ಲಿ ಕೂತು ಬಟ್ಟೆಯ ಸುರುಳಿಗಳ, ಅಂದರೆ ಥಾನುಗಳ ಮೇಲೆ ಮುದ್ರೆ ಒತ್ತುತ್ತಿದ್ದವರು ಅವರು. ಅಂಕಿ ಗೊತ್ತು, ಇಂಗ್ಲಿಷಿನ ದೊಡ್ಡಕ್ಷರ ಇಪ್ಪತ್ತಾರೂ ಗೊತ್ತು. ಸಣ್ಣಕ್ಷರ ಮುದ್ರೆಯಲ್ಲಿ ಇರಲಿಲ್ಲ, ಹಾಗಾಗಿ ಕಲಿಯಲಿಲ್ಲ.

“ಏನು ಕಾಣ್ತಿದೆ?”

“ಕಪ್ಪು. ಅದರ ಮೇಲೆ ಬಿಳಿ ಇರುವೆ ಸಾಲು.”

“ಇರುವೆ ಬಿಟ್ಟು, ನಿಮಗೆ ಗುರುತು ಸಿಗೋದು ಏನಾದ್ರೂ?”

ಕುರ್ಚಿ ಕಿರುಗುಟ್ಟಿತು. ಅತ್ತೆ ಸ್ಕ್ರೀನಿಗೆ ಮುಖ ಹತ್ತಿರ ತಂದಿರಬೇಕು. “ಕೊನೇ ಸಾಲಿನ ಶುರುವಿಗೆ ಇ ಇದೆ. ದೊಡ್ಡದು. ಪಕ್ಕದಲ್ಲಿ ಮೇಲೊಂದು ಕೆಳಗೊಂದು ಚುಕ್ಕೆ.”

ಸಾಲಿನ ಮೊದಲಿಗೆ ಇ ಬಂದರೆ ಎರರ್. ಅಂದರೆ ಡ್ರೈವರ್ ಬಂದೇ ಇಲ್ಲ. ಫೋನಿನಿಂದ ಒಂದೊಂದೇ ಅಕ್ಷರ ಮತ್ತೆ ಹೇಳಿಸಿಕೊಂಡಳು. ಡ್ರೈವರಿನ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಸರಿಮಾಡಿ ಒತ್ತಿದಳು.

“ಏನು ಹುಡುಕ್ತಿದ್ದೀಯ ನೀನು?” ಎಂದರು ಅತ್ತೆ.

“ಡ್ರೈವರ್ ಇಲ್ಲ ಅತ್ತೆ.”

“ಡ್ರೈವರ್ರಾ? ಎಲ್ಲಿಗೆ ಹೋದ?”

“ಮನುಷ್ಯ ಅಲ್ಲ. ಒಳಗಿರೋ ಪ್ರೋಗ್ರಾಂ. ಕಂಪ್ಯೂಟರ್ ಹೇಳೋದನ್ನ ಸ್ಪೀಕರಿಗೆ ಮುಟ್ಟಿಸೋದು ಅದೇ. ಅದಿಲ್ದಿದ್ರೆ ಇಬ್ಬರಿಗೂ ಮಾತಿಲ್ಲ.”

“ನನ್ನ ಮಗನ ಕೆಲಸ ಅನ್ನು,” ಎಂದರು ಅತ್ತೆ. ಸೊಸೆಗೆ ನಗು ಉಕ್ಕಿ ಬಂದು ಗಂಟಲಲ್ಲೇ ನಿಂತಿತು. ಆಗ ಅತ್ತೆಯೇ ಕೂಗಿದರು. “ಓಡ್ತಿವೆ ನೋಡು! ಇರುವೆಗಳೆಲ್ಲ ಮೇಲಕ್ಕೆ ಓಡ್ತಿವೆ! ಕೆಳಗೆ ಅಂಕಿ ಬರ್ತಿದೆ. ಹದಿನೆಂಟು. ಮೂವತ್ತು. ಅರವತ್ತೆರಡು.”

ಅರವತ್ತೆರಡಕ್ಕೆ ಅಂಕಿ ನಿಂತಿತು. ಒಂದು ನಿಮಿಷವಾಯಿತು, ಐದಾಯಿತು. ಪ್ರತಿ ನಿಮಿಷಕ್ಕೊಮ್ಮೆ ಸೊಸೆ “ಈಗ?” ಎನ್ನುವಳು, ಅತ್ತೆ “ಅರವತ್ತೆರಡು” ಎನ್ನುವರು. ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರ್ ಒದ್ದೂ ಒದ್ದೂ ಸುಸ್ತಾಗಿ ತಳ್ಳಿಕೊಂಡು ಹೋದರು. ಮಧ್ಯದಲ್ಲಿ ನಿಲ್ಲಿಸಿದರೆ ಇದ್ದದ್ದೂ ಕೆಡುತ್ತದೆ, ಕಾದರೆ ಹೊತ್ತು ಹೋಗುತ್ತದೆ. ಹನ್ನೆರಡನೆಯ ನಿಮಿಷಕ್ಕೆ “ಎಪ್ಪತ್ತು!” ಎಂದು ಅತ್ತೆ ಮೇಜು ಗುದ್ದಿದರು. ಆಮೇಲೆ ಅದು ತಡವರಿಸಲಿಲ್ಲ.

ಕಂಪ್ಯೂಟರನ್ನು ಮತ್ತೆ ಆಫ್ ಮಾಡಿ ಆನ್ ಮಾಡಿದಳು. ಪಾಸ್‌ವರ್ಡ್ ಕೊಟ್ಟು ನಲವತ್ತರವರೆಗೆ ಎಣಿಸಿದಳು. ಇಷ್ಟು ಹೊತ್ತಿಗೆ ಗೊಣಗಪ್ಪ ಮೂಗು ಬಿಚ್ಚಬೇಕಿತ್ತು. ಅರವತ್ತು ಎಣಿಸಿದಳು, ನೂರು ಎಣಿಸಿದಳು. ಇಯರ್‌ಫೋನಿನೊಳಗೆ ತನ್ನದೇ ರಕ್ತ ಹರಿಯುವ ಸದ್ದು ಬಿಟ್ಟರೆ ಇನ್ನೇನಿಲ್ಲ. ಗಂಟೆ ಹನ್ನೊಂದೂ ಕಾಲು.

ಮತ್ತೆ ಫೋನು. ಹೊಸದಾಗಿ ಡ್ರೈವರ್ ಹಾಕಿದಾಗ ಸದ್ದಿನ ದಾರಿಗಳು ಮುಚ್ಚಿರಬಹುದು, ಸದ್ದು ಹೊಂದಿಸುವ ಮಿಕ್ಸರ್ ಎಂಬುದನ್ನು ತೆರೆದು ಎಂ ಕೀಲಿ ಒತ್ತಿ ಬದಲಾಯಿಸಿ, ಬಾಣದ ಕೀಲಿಯಿಂದ ಸದ್ದು ಏರಿಸಿ ಎಂದು ಅದು ಓದಿತು. ಗೊಣಗಪ್ಪನ ದಯೆಯಿಂದ ಸೊಸೆಗೆ ಈ ಮಿಕ್ಸರಿನ ಗೊಡವೆ ಇದುವರೆಗೆ ಬಿದ್ದಿರಲಿಲ್ಲ.

“ಕಂಬಗಳು ಬಂದ್ವು,” ಎಂದರು ಅತ್ತೆ. “ಐದು ಕಂಬ. ಒಂದೊಂದರ ಬುಡದಲ್ಲೂ ಸಣ್ಣ ಚೌಕ. ಮೊದಲನೇದರಲ್ಲಿ ಜೋಡಿ ಎಂ. ಎರಡನೇದರಲ್ಲೂ ಅದೇ. ಮೂರನೇದರಲ್ಲಿ ಜೋಡಿ ಸೊನ್ನೆ. ನಾಲ್ಕು, ಎಂ. ಐದು, ಸೊನ್ನೆ.”

“ಸೊನ್ನೆ!” ಸೊಸೆಯ ಜೀವಕ್ಕೆ ಜೀವ ಬಂತು. ಸೊನ್ನೆ ಎಂದರೆ ಸದ್ದು ಸೊನ್ನೆ, ಎಂ ಎಂದರೆ ಮ್ಯಾಕ್ಸಿಮಮ್ಮಿನ ಎಂ. ಇಷ್ಟು ಸರಳವಾದುದನ್ನು ಯಾರನ್ನು ಕೇಳಬೇಕು? ಮೂರನೆಯ ಕಂಬಕ್ಕೆ ಹೋಗಿ ಎಂ ಒತ್ತಿದಳು.

“ಎಂ ಆಯ್ತು.”

ಐದನೆಯದಕ್ಕೂ ಒತ್ತಿದಳು. ಅದೂ ಎಂ ಆಯಿತು. ಬಾಣದ ಕೀಲಿಯಿಂದ ಕಂಬಗಳನ್ನೆಲ್ಲ ಏರಿಸಿದಳು. ತುದಿಗಳು ಕೆಂಪಾದವು ಎಂದು ಅತ್ತೆ ವರದಿ ಕೊಟ್ಟರು. ಗೊಣಗಪ್ಪನನ್ನು ಮತ್ತೆ ಶುರುಮಾಡಿದಳು.

ಏನೂ ಇಲ್ಲ.

ಇಯರ್‌ಫೋನ್ ಕಿತ್ತು ಸ್ಪೀಕರಿಗೇ ಕಿವಿ ಹಚ್ಚಿದಳು. ಏನೂ ಇಲ್ಲ. ಮಿಕ್ಸರ್ ಮುಚ್ಚಿ ತೆರೆದಳು, ಎಂಗಳು ಹಾಗೇ ಇದ್ದವು. ಮೇಲೇರಿದ ಕಂಬ, ಕೆಂಪು ತುದಿ, ಸಾಲಾಗಿ ಎಂ. ಎಲ್ಲ ಸರಿಯಿದೆ, ಸದ್ದು ಮಾತ್ರ ಇಲ್ಲ. ಹನ್ನೊಂದೂ ಐವತ್ತಕ್ಕೆ ಫೋನ್ ರಿಂಗಾಯಿತು.

“ನಮ್ಮ ಪುಟದಲ್ಲಿ ನಿಮ್ಮ ಹೆಸರಿನ ಮುಂದೆ ಇನ್ನೂ ಹಸಿರು ಚುಕ್ಕೆ ಬಂದಿಲ್ಲ,” ಎಂದರು ಮೇಲ್ವಿಚಾರಕಿ. “ಏನಾದ್ರೂ ತೊಂದರೆಯಾ?”

ಹೌದು ಎಂದರೆ ‘ಪಾಪ’ ಎಂಬ ಆ ಪದ ಮತ್ತೆ ಕೇಳಬೇಕು. “ಇಲ್ಲ ಮೇಡಂ. ಬಂದೆ.”

“ನಿಮ್ಮ ಜಾಗಕ್ಕೆ ಬರೋವರು ಇಲ್ಲೇ ಕೂತಿದ್ದಾರೆ. ನೆನಪಿರಲಿ.”

ಫೋನ್ ಇಟ್ಟ ಸೊಸೆಯ ಕೈ ಕೀಲಿಗಳ ಮೇಲಿಂದ ಜಾರಿ ಮಡಿಲಿಗೆ ಬಿತ್ತು. “ಮುಗೀತು ಅತ್ತೆ,” ಎಂದಳು. ಅಳಬಾರದೆಂದು ತುಟಿ ಕಚ್ಚಿದರೂ ಅಳು ಕೇಳಲಿಲ್ಲ.

“ಅಳೋದಿದ್ರೆ ಹನ್ನೆರಡರ ಮೇಲೆ ಬೇಕಾದಷ್ಟು ಹೊತ್ತಿದೆ,” ಎಂದರು ಅತ್ತೆ. ದನಿ ಸ್ಕ್ರೀನಿನ ಕಡೆಗಿತ್ತು. “ನನಗೊಂದು ಅರ್ಥ ಆಗ್ತಿಲ್ಲ. ಆ ಎರಡು ಕಂಬಕ್ಕೆ ಜೋಡಿ ಸೊನ್ನೆ ಇತ್ತಲ್ಲ, ಅವನ್ನ ಯಾಕೆ ಕೆಡಿಸಿದೆ?”

“ಸೊನ್ನೆ ಅಂದ್ರೆ ಏನೂ ಇಲ್ಲ ಅಂತಲ್ವಾ?”

“ಏನೂ ಇಲ್ಲ ಅಂದ್ರೆ, ತಪ್ಪು ಏನೂ ಇಲ್ಲ ಅಂತ! ನಮ್ಮ ಮೇಜಲ್ಲಿ ಒಂದೊಂದು ಥಾನನ್ನೂ ಇಬ್ಬರು ನೋಡ್ತಿದ್ವಿ. ನಾನು ನೇಯ್ಗೆ, ಇನ್ನೊಬ್ಬಳು ಬಣ್ಣ. ತಪ್ಪಿಲ್ಲ ಅಂದ್ರೆ ನಾನೊಂದು ಸೊನ್ನೆ, ಅವಳೊಂದು ಸೊನ್ನೆ. ಜೋಡಿ ಸೊನ್ನೆ ಬಿದ್ರೆ ಲಾರಿಗೆ ಬಿಡು ಅಂತ. ಅಕ್ಷರ ಬಿತ್ತು ಅಂದ್ರೆ ಮಾತ್ರ ತಡೆದು ನಿಲ್ಲಿಸ್ತಿದ್ದಿದ್ದು.”

ಸೊಸೆಯ ಅಳು ಅರ್ಧಕ್ಕೇ ನಿಂತಿತು. ತಡೆದು ನಿಲ್ಲಿಸುವ ಅಕ್ಷರ. ಎಂ. ದನಿ ಅಡಗಿಸುವ ಮ್ಯೂಟ್ ಎಂಬ ಪದ ಶುರುವಾಗುವುದೂ ಎಂನಿಂದಲೇ! ಮೂರು ಬಾಗಿಲು ಮುಚ್ಚಿದ್ದವು, ತೆರೆದಿದ್ದ ಎರಡನ್ನೂ ಅವಳೇ ಮುಚ್ಚಿದ್ದಳು. ಗೊಣಗಪ್ಪನ ಬಾಯಿ ಮುಚ್ಚಿಸುತ್ತೇನೆಂದು ಬರಿ ಬಾಯಲ್ಲಿ ಹೇಳಿದವರು ಅತ್ತೆ. ಕೈಯಾರೆ ಮುಚ್ಚಿದವಳು ತಾನು. ಅದರ ಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು ವಿಚಾರಣೆ ಬೇರೆ ಮಾಡಿದ್ದಳು.

“ಅತ್ತೆ, ನೋಡ್ತಾ ಇರಿ. ಒಂದೊಂದೇ ಹೇಳಿ.” ಐದನೆಯ ಕಂಬದ ಮೇಲೆ ಎಂ ಒತ್ತಿದಳು.

“ಜೋಡಿ ಸೊನ್ನೆ.”

ನಾಲ್ಕನೆಯದು. “ಜೋಡಿ ಸೊನ್ನೆ.” ಮೂರನೆಯದು. “ಸೊನ್ನೆ.” ಎರಡನೆಯದು. “ಸೊನ್ನೆ. ಬೇಗ ಒತ್ತೇ ಹುಡುಗಿ, ಐವತ್ತೈದಾಯ್ತು!”

ಮೊದಲನೆಯದನ್ನು ಒತ್ತಿದ್ದೇ ತಡ, ಕೆಂಪು ತುದಿಯವರೆಗೆ ಏರಿಸಿಟ್ಟ ಸದ್ದೆಲ್ಲ ಒಮ್ಮೆಗೇ ಒಡೆದುಕೊಂಡು ಗೊಣಗಪ್ಪ ಕಿರುಚಿದ. ಅತ್ತೆಯ ಕುರ್ಚಿ ಹಿಂದಕ್ಕೆ ಸರಿದು ಗೋಡೆಗೆ ಬಡಿಯಿತು. “ಅಯ್ಯೋ ಇವನ ಬಾಯಿಗಿಷ್ಟು!” ಎಂದು ಅವರು ಕಿವಿ ಮುಚ್ಚಿಕೊಂಡರು. ಸೊಸೆಗೆ ಅಷ್ಟು ಇಂಪಾದ ದನಿಯನ್ನು ಹಿಂದೆಂದೂ ಕೇಳಿದ ನೆನಪಿರಲಿಲ್ಲ. ಸದ್ದು ತಗ್ಗಿಸಿ, ಇಯರ್‌ಫೋನ್ ಚುಚ್ಚಿ, ಕಚೇರಿಯ ಪುಟ ತೆರೆದು ತನ್ನ ಹೆಸರು ಹಾಕಿದಳು. ಹನ್ನೆರಡಕ್ಕೆ ಎರಡು ನಿಮಿಷವಿತ್ತು.

ವಿಚಾರಣೆ ಎರಡು ಗಂಟೆ ನಡೆಯಿತು. ಕೆಮ್ಮುತ್ತ ಮಾತಾಡುವ ಒಬ್ಬ ಕೆಲಸಗಾರ, ಮಾತು ನುಂಗುವ ಒಬ್ಬ ಮ್ಯಾನೇಜರ್, ಇಬ್ಬರ ನಡುವೆ ಬಾಯಿ ಹಾಕುವ ವಕೀಲ. ಸೊಸೆಯ ಬೆರಳು ಯಾರನ್ನೂ ಬಿಡಲಿಲ್ಲ. ಒಂದು ಅಂಚಿನಲ್ಲಿ ಮಾತ್ರ ಮನಸ್ಸು ಹೊಯ್ದಾಡುತ್ತಿತ್ತು. ನಡುನಡುವೆ ಒಂದು ಕಿವಿಯ ಇಯರ್‌ಫೋನ್ ಸಡಿಲಿಸಿ ಆಲಿಸಿದಳು. ಮನೆಯಲ್ಲಿ ಒಂದು ಪಾತ್ರೆಯ ಸದ್ದಿಲ್ಲ, ಚಪ್ಪಲಿಯ ಸದ್ದಿಲ್ಲ. ಹನ್ನೊಂದು ದಿನದಲ್ಲಿ ಮನೆ ಇಷ್ಟು ನಿಶ್ಶಬ್ದವಾಗಿದ್ದದ್ದು ಇದೇ ಮೊದಲು. ಮಾಡಬೇಕಾದ್ದು ಮಾಡಿ, ಬೇಸರ ತಾಳಲಾರದೆ ಅತ್ತೆ ಎದ್ದು ಹೊರಗೆ ಹೋಗಿಬಿಟ್ಟರೇ?

ಕೊನೆಗೆ ಮೇಲ್ವಿಚಾರಕಿಯ ದನಿ ಬಂತು. “ಎರಡು ಕಡೆ ಅಲ್ಪವಿರಾಮ ತಪ್ಪಿದೆ. ನ್ಯಾಯ ಕೇಳೋ ಕಡೆ ಅದೂ ಮುಖ್ಯ. ನಾಳೆ ತಪ್ಪಬಾರದು.”

“ನಾಳೆಯಾ ಮೇಡಂ?”

“ಕೆಲಸ ಅಂದ್ಮೇಲೆ ನಾಳೆಯೂ ಇರುತ್ತೆ,” ಎಂದು ಅವರು ಹೋದರು.

ಸೊಸೆ ಇಯರ್‌ಫೋನ್ ತೆಗೆದಿಟ್ಟಳು. “ಅತ್ತೆ?” ಎಂದು ಕರೆದಳು. ಗಟ್ಟಿಯಾಗಿ, ಬೀದಿಗೆ ಕೇಳುವಂತೆ.

“ಕೂಗ್ಬೇಡ. ಇಲ್ಲೇ ಇದ್ದೀನಿ.” ದನಿ ಒಂದು ಮಾರು ದೂರದಲ್ಲಿ, ಬೆನ್ನ ಹಿಂದೆಯೇ ಇತ್ತು.

“ಎರಡು ಗಂಟೆ ಇಲ್ಲೇ ಕೂತಿದ್ರಾ? ಸದ್ದೇ ಇರಲಿಲ್ಲ. ನೀವು ಹೋದ್ರಿ ಅಂತ...”

“ನೀನು ಕೆಲಸ ಮಾಡೋವಾಗ ಪಾತ್ರೆ ಕುಕ್ಕಕ್ಕಾಗುತ್ತಾ?”

“ಮತ್ತೆ ಇಷ್ಟು ದಿನ ಕುಕ್ಕಿದ್ರಲ್ಲ, ಅಷ್ಟೊಂದು ಸಿಟ್ಟಾ ನನ್ನ ಮೇಲೆ?”

“ಸಿಟ್ಟು ಎರಡನೇ ದಿನಕ್ಕೇ ಹೋಯ್ತು,” ಎಂದರು ಅತ್ತೆ. “ನೀನೇ ಮೊದಲು ಮಾತಾಡ್ಲಿ ಅಂತ ಹಟ. ಆದ್ರೆ ನಾನು ಬಾಯಿ ಮುಚ್ಕೊಂಡು ಓಡಾಡಿದ್ರೆ ಎಲ್ಲಿದ್ದೀನಿ ಅಂತ ನಿನಗೆ ಹೇಗೆ ಗೊತ್ತಾಗ್ಬೇಕು? ಬಿಸಿ ಪಾತ್ರೆ ಹಿಡ್ಕೊಂಡು ಬರೋವಾಗ ಎದುರು ಸಿಕ್ಕಿದ್ರೆ? ಅದಕ್ಕೇ ಕುಕ್ತಿದ್ದೆ. ನಿನ್ನ ಹಟಕ್ಕೆ ನನ್ನ ಎರಡು ಪಾತ್ರೆ ಸೊಟ್ಟಗಾದ್ವು.”

ಸೊಸೆಗೆ ತಾನು ಮೈ ಬಿಗಿ ಹಿಡಿದು ಕೇಳಿದ ಒಂದೊಂದು ಸದ್ದೂ ಈಗ ನೆನಪಾಗಿ, ಒಂದೊಂದೂ ಬೇರೆಯಾಗಿ ಕೇಳತೊಡಗಿತು. ಹನ್ನೆರಡರ ಮೇಲೆಂದು ಮುಂದೂಡಿದ್ದ ಅಳು ಈಗ ಬಂತು. ಅವಳು ಅದನ್ನು ತಡೆಯಲು ಹೋಗಲಿಲ್ಲ.

“ನಾನು ನಿಮ್ಮ ಮೇಲೆ ಅನುಮಾನ ಪಟ್ಟೆ ಅತ್ತೆ. ನನಗೆ ಯಾವ ಅಕ್ಷರ ಒತ್ತುತ್ತೀರೋ ಒತ್ತಿಬಿಡಿ.”

ಕುರ್ಚಿ ಎಳೆದ ಸದ್ದಾಯಿತು. ಅತ್ತೆ ಅವಳ ಕೈಯನ್ನು ಎಳೆದುಕೊಂಡು, ಅಂಗೈಯನ್ನು ಮೇಲಕ್ಕೆ ತಿರುಗಿಸಿ, ಒರಟು ತೋರುಬೆರಳಿನಿಂದ ನಿಧಾನವಾಗಿ ಒಂದು ಸುತ್ತು ಬರೆದರು. ಸುತ್ತು ಹೊರಟ ಕಡೆಗೇ ಬಂದು ಕೂಡಿತು.

“ಒಂದೇನಾ?” ಎಂದಳು ಸೊಸೆ. “ಜೋಡಿ ಅಲ್ವಾ?”

“ಇನ್ನೊಂದನ್ನ ಇನ್ನೊಬ್ಬಳು ಒತ್ತಬೇಕು. ಅದು ನಿನ್ನ ಕೆಲಸ.”

ಸೊಸೆ ಸವರುತ್ತ ಅತ್ತೆಯ ಕೈ ಹುಡುಕಿ ಹಿಡಿದು, ಅಂಗೈ ಬಿಡಿಸಿ, ಇನ್ನೊಂದು ಸೊನ್ನೆ ಬರೆದಳು.